ಅನ್ನ ಹಾಕಿದ ಕೈ

ಉಂಡ ಮನೆಗೆ ಎರಡು ಬಗೆಯಬಾರದು ಎಂದು ಹಿರಿಯರು ಹೇಳಿದ್ದಾರೆ. ಉಂಡದ್ದು ಒಬ್ಬ ಯಜಮಾನನ ಮನೆಯಲ್ಲಾದರೆ ಈ ಮಾತಿನ ಅರ್ಥ ಸರಳ. ಆದರೆ ಬಡಿಸುವ ಕೈ ಸರಕಾರದ್ದಾಗಿ, ಬಡಿಸಿದ ಅನ್ನ ಜನರ ಬೆವರಿನದಾಗಿದ್ದರೆ ಋಣ ಯಾರಿಗೆ ಸಲ್ಲಬೇಕು? ಪ್ರಭುತ್ವದ ನೆರಳಲ್ಲಿ ಬೆಳೆದ ಕಲಾವಿದನೊಬ್ಬ ಒಂದು ದಿನ ಆ ಪ್ರಭುತ್ವದ ಕಡೆಗೇ ಬೆರಳು ತೋರಿಸಿದರೆ ಅದು ದ್ರೋಹವೇ, ಋಣಸಂದಾಯವೇ?

ಜೆಕ್ ದೇಶದ ಗೊಂಬೆ ಚಿತ್ರಗಳ ನಿರ್ದೇಶಕ ಯಿರ್ಝಿ ತ್ರಂಕಾನ ಬದುಕನ್ನು ಮುಂದಿಟ್ಟುಕೊಂಡು ಈ ಪ್ರಶ್ನೆಯನ್ನು ಕೇಳಿಕೊಳ್ಳಬಹುದು. 1912ರಲ್ಲಿ ಪಿಲ್ಸೆನ್ ನಗರದಲ್ಲಿ ಹುಟ್ಟಿದ ಅವನ ತಾಯಿ ಬಟ್ಟೆ ಹೊಲಿಯುವವಳು. ಹುಡುಗನ ಕೈಗೆ ಗೊಂಬೆಗಳ ಹುಚ್ಚು ಹಿಡಿಸಿದವನು ಯೋಸೆಫ್ ಸ್ಕೂಪಾ ಎಂಬ ಪ್ರಸಿದ್ಧ ಗೊಂಬೆಯಾಟಗಾರ. ಈ ಗುರುವನ್ನು ನಾಜಿಗಳು 1944ರಲ್ಲಿ ಸೆರೆಮನೆಗೆ ತಳ್ಳಿದ್ದರು. ಗೊಂಬೆಯಾಟ ಮಕ್ಕಳ ಆಟವಷ್ಟೇ ಎಂದು ನಾವು ತಿಳಿಯುತ್ತೇವೆ, ಅಧಿಕಾರದಲ್ಲಿರುವವರು ಹಾಗೆ ತಿಳಿಯುವುದಿಲ್ಲ.

ಪ್ರಾಗಿನಲ್ಲಿ ಕಲಾಶಿಕ್ಷಣ ಮುಗಿಸಿದ ತ್ರಂಕಾ ಗೊಂಬೆ ರಂಗಮಂದಿರವೊಂದನ್ನು ಕಟ್ಟಿದ, ಮಕ್ಕಳ ಪುಸ್ತಕಗಳಿಗೆ ಚಿತ್ರ ಬರೆದ. 1945ರಲ್ಲಿ ಯುದ್ಧ ಮುಗಿಯಿತು. ಅದೇ ವರ್ಷ ಚಲನಚಿತ್ರೋದ್ಯಮವನ್ನು ರಾಷ್ಟ್ರೀಕರಣಗೊಳಿಸಲಾಯಿತು. ತ್ರಂಕಾನ ಭಾಗ್ಯ ತೆರೆದದ್ದು ಆಗಲೇ. ಮರುವರ್ಷವೇ ಅವನ ಕಿರುಚಿತ್ರವೊಂದು ಕಾನ್ ಚಿತ್ರೋತ್ಸವದಲ್ಲಿ ಪ್ರಶಸ್ತಿ ಪಡೆಯಿತು. 1947ರಿಂದ 1959ರೊಳಗೆ ಅವನು ಜೆಕ್ ಹಳ್ಳಿಯ ಹಬ್ಬಹರಿದಿನಗಳು, ಹಳೆಯ ಜೆಕ್ ಐತಿಹ್ಯಗಳು, ಸೈನಿಕ ಶ್ವೇಕನ ಕಥೆ, ಶೇಕ್ಸ್‌ಪಿಯರನ 'ಮಧ್ಯಬೇಸಿಗೆಯ ರಾತ್ರಿಯ ಕನಸು' ಇವೆಲ್ಲವನ್ನೂ ಗೊಂಬೆಗಳಿಂದ ಆಡಿಸಿದ.

ಈ ಕೆಲಸ ಎಂಥದು ಎಂಬುದನ್ನು ಸ್ವಲ್ಪ ಯೋಚಿಸಬೇಕು. ಗೊಂಬೆಯನ್ನು ಒಂದು ಕೂದಲೆಳೆಯಷ್ಟು ಸರಿಸಿ ಒಂದು ಚಿತ್ರ ತೆಗೆಯಬೇಕು, ಮತ್ತೆ ಸರಿಸಬೇಕು, ಮತ್ತೆ ತೆಗೆಯಬೇಕು. ತೆರೆಯ ಮೇಲೆ ಒಂದು ಸೆಕೆಂಡಿಗೆ 24 ಚೌಕಟ್ಟುಗಳು ಓಡುತ್ತವೆ. ಇಡೀ ದಿನ ದುಡಿದರೂ ಕೈಗೆ ಬರುವುದು ಕೆಲವೇ ಸೆಕೆಂಡುಗಳ ಚಿತ್ರ. ಲಾಭದ ಲೆಕ್ಕ ಹಾಕುವ ಯಾವ ನಿರ್ಮಾಪಕ ಇದಕ್ಕೆ ವರ್ಷಗಟ್ಟಲೆ ಹಣ ಸುರಿದಾನು? ಸರಕಾರ ಸುರಿಯಿತು. ಸ್ಟುಡಿಯೋ, ಕುಶಲಕರ್ಮಿಗಳು, ಸಮಯ ಎಲ್ಲವನ್ನೂ ಒದಗಿಸಿತು. 1948ರ ಫೆಬ್ರವರಿಯಲ್ಲಿ ಕಮ್ಯುನಿಸ್ಟರು ಅಧಿಕಾರ ಹಿಡಿದ ಮೇಲೂ ಈ ಆಶ್ರಯ ತಪ್ಪಲಿಲ್ಲ. 'ರಾಷ್ಟ್ರೀಯ ಕಲಾವಿದ' ಎಂಬ ಬಿರುದನ್ನೂ ಅವನಿಗೆ ಕೊಡಲಾಯಿತು. ತ್ರಂಕಾ ಬಂಡಾಯಗಾರನಾಗಿರಲಿಲ್ಲ, ಸೆರೆಮನೆಗೂ ಹೋಗಲಿಲ್ಲ. ಪ್ರಾಗಿನ ನ್ಯಾಯಾಲಯಗಳಲ್ಲಿ ನಿರಪರಾಧಿಗಳಿಗೆ ಗಲ್ಲು ವಿಧಿಸುತ್ತಿದ್ದ ಆ ವರ್ಷಗಳಲ್ಲಿ ಅವನು ರಾಜಕುಮಾರರ, ಜಾನಪದ ವೀರರ ಕಥೆಗಳನ್ನು ಹೇಳುತ್ತಿದ್ದ. ಇದನ್ನು ಮುಚ್ಚಿಟ್ಟು ಅವನನ್ನು ಹೊಗಳುವುದು ಸರಿಯಲ್ಲ.

ಆದರೂ 1949ರಲ್ಲಿ ಅವನು ಆರಿಸಿಕೊಂಡ ಕಥೆಯನ್ನು ಗಮನಿಸಿ. ಆಂಡರ್ಸನ್ನನ ಚೀನೀ ಚಕ್ರವರ್ತಿಯ ಕಥೆಯದು. ಅರಮನೆಯವರು ಕಾಡಿನ ಕೋಗಿಲೆಯಂಥ ಹಾಡುಹಕ್ಕಿಯನ್ನು ಬಿಟ್ಟು, ಕೀಲಿ ಕೊಟ್ಟರೆ ಹಾಡುವ ರತ್ನಖಚಿತ ಹಕ್ಕಿಗೆ ಮರುಳಾಗುತ್ತಾರೆ. ಚಕ್ರವರ್ತಿ ಸಾವಿನ ಹಾಸಿಗೆಯಲ್ಲಿರುವಾಗ ಯಂತ್ರ ಮೌನವಾಗುತ್ತದೆ. ಕಾಪಾಡಲು ಹಾರಿ ಬರುವುದು ಯಾರ ಅಪ್ಪಣೆಗೂ ಒಳಪಡದ ಆ ಕಾಡಿನ ಹಕ್ಕಿ.

ಮುಂದೆ 1965ರಲ್ಲಿ ಅವನ ಕೊನೆಯ ಚಿತ್ರ 'ರುಕಾ' ಬಂತು. ಜೆಕ್ ಭಾಷೆಯಲ್ಲಿ ಹಾಗೆಂದರೆ 'ಕೈ'. ಕೇವಲ 18 ನಿಮಿಷದ ಈ ಚಿತ್ರಕ್ಕೆ ಮಾತಿನ ಹಂಗಿಲ್ಲ. ಒಬ್ಬ ಪುಟ್ಟ ಕುಂಬಾರ, ಒಂದು ಕೋಣೆ, ಒಂದು ಹೂಗಿಡ. ಅವನಿಗೆ ಬೇಕಾದದ್ದು ಆ ಗಿಡಕ್ಕೊಂದು ಚೆಂದದ ಕುಂಡ. ಅಷ್ಟರಲ್ಲಿ ಒಂದು ದೊಡ್ಡ ಕೈ ಒಳಗೆ ಬರುತ್ತದೆ. ಅದು ಗೊಂಬೆಯ ಕೈಯಲ್ಲ, ನಿಜವಾದ ಮನುಷ್ಯನ ಕೈ. ಕುಂಡ ಬೇಡ, ನನ್ನ ಮೂರ್ತಿ ಮಾಡು ಎನ್ನುತ್ತದೆ. ಕುಂಬಾರ ಒಲ್ಲೆನೆನ್ನುತ್ತಾನೆ. ಮೊದಲು ನಯವಾದ ವಿನಂತಿ, ಆಮೇಲೆ ಉಡುಗೊರೆ, ದುಡ್ಡು, ಟೆಲಿವಿಷನ್ನಿನಲ್ಲಿ ಚರಿತ್ರೆಯ ಮಹಾನ್ ಕೈಗಳ ಮೆರವಣಿಗೆ. ಯಾವುದಕ್ಕೂ ಬಗ್ಗದಿದ್ದಾಗ ಹೆಣ್ಣಿನ ಬೆಡಗಿನ ಆಮಿಷ. ಕೊನೆಗೆ ಕಪ್ಪು ಗವಸು ತೊಟ್ಟ ಬಲಪ್ರಯೋಗ. ಕುಂಬಾರನನ್ನು ಪಂಜರಕ್ಕೆ ಹಾಕಿ, ಕೈಕಾಲಿಗೆ ದಾರ ಕಟ್ಟಿ, ಕಲ್ಲಿನಲ್ಲಿ ಬೃಹತ್ ಕೈಯನ್ನು ಕೆತ್ತಿಸಲಾಗುತ್ತದೆ. ಅವನು ದಾರಗಳನ್ನು ಮೇಣದಬತ್ತಿಯಿಂದ ಸುಟ್ಟು ಓಡಿ ಬಂದು, ಮನೆಯ ಬಾಗಿಲು ಕಿಟಕಿಗಳಿಗೆ ಮೊಳೆ ಹೊಡೆಯುತ್ತಾನೆ. ಆ ಗಡಿಬಿಡಿಯಲ್ಲಿ ಅವನದೇ ಹೂಕುಂಡ ತಲೆಯ ಮೇಲೆ ಬಿದ್ದು ಸಾಯುತ್ತಾನೆ. ಆಗ ಕೈ ಮತ್ತೆ ಬಂದು ಶವಕ್ಕೆ ಪದಕಗಳನ್ನು ಇಟ್ಟು, ಮರ್ಯಾದೆಯಿಂದ ಸೆಲ್ಯೂಟ್ ಹೊಡೆಯುತ್ತದೆ.

ಪ್ರಾಗಿನ ಪ್ರೇಕ್ಷಕನಿಗೆ ಇದು ಬರೀ ಕಟ್ಟುಕಥೆ ಎನಿಸಲು ಸಾಧ್ಯವಿರಲಿಲ್ಲ. ಅದೇ ನಗರದ ಲೆಟ್ನಾ ದಿಣ್ಣೆಯ ಮೇಲೆ 1955ರಲ್ಲಿ ಸ್ಟಾಲಿನ್ನನ ಮಹಾಮೂರ್ತಿ ನಿಂತಿತ್ತು. ಅದನ್ನು ರೂಪಿಸಿದ ಶಿಲ್ಪಿ ಒಟಕಾರ್ ಶ್ವೆಟ್ಸ್ ಅನಾವರಣಕ್ಕೆ ಮೊದಲೇ ಆತ್ಮಹತ್ಯೆ ಮಾಡಿಕೊಂಡಿದ್ದ. 1962ರಲ್ಲಿ ಸರಕಾರವೇ ಮದ್ದಿಟ್ಟು ಮೂರ್ತಿಯನ್ನು ಸಿಡಿಸಿತು.

ಈಗ ಋಣದ ಪ್ರಶ್ನೆಗೆ ಮರಳೋಣ. 'ಕೈ' ತಯಾರಾದದ್ದು ಸರಕಾರದ ಸ್ಟುಡಿಯೋದಲ್ಲಿ, ಸರಕಾರದ ಹಣದಿಂದ. ಇದು ಕೃತಘ್ನತೆಯಲ್ಲವೇ ಎಂದು ಕೇಳುವವರಿದ್ದಾರೆ. ಆಶ್ರಯದಾತ ತಾನು ಕೊಟ್ಟದ್ದಕ್ಕೆ ಒಳ್ಳೆಯ ಕೆಲಸವನ್ನು ಕೇಳಬಹುದು, ತನ್ನ ಮೂರ್ತಿಯನ್ನೇ ಕೆತ್ತಬೇಕೆಂದು ಕೇಳುವಂತಿಲ್ಲ. ಅಷ್ಟಕ್ಕೂ ಸರಕಾರ ತನ್ನ ಸ್ವಂತ ದುಡ್ಡೆಂದು ಕೊಡುವುದೇನಿದೆ? ಜನರ ಹಣದಿಂದ ಜನರಿಗೆ ಒಂದು ನಿಜ ತಲುಪಿದರೆ ಅನ್ನದ ಋಣ ಅಷ್ಟರ ಮಟ್ಟಿಗೆ ಸಂದಿತು ಎಂದೇ ನನ್ನ ಅನಿಸಿಕೆ. ತಡವಾಗಿ ಬಂದ ನಿಜ ಎಂದು ದೂರುವವರ ಮಾತನ್ನೂ ನಾನು ಅಲ್ಲಗಳೆಯಲಾರೆ. ಆದರೆ 20 ವರ್ಷ ಉಂಡವನಿಗೆ ಕೈಯ ತೂಕ ಗೊತ್ತಿರುವಷ್ಟು ಹೊರಗಿನವನಿಗೆ ಗೊತ್ತಿರುವುದಿಲ್ಲ. ಉಡುಗೊರೆಯ ಪೆಟ್ಟಿಗೆ ಮೊದಲು, ಪಂಜರ ಆಮೇಲೆ ಎಂಬ ಆ ಕ್ರಮವನ್ನು ಅಷ್ಟು ಖಚಿತವಾಗಿ ತೋರಿಸಲು ಪೆಟ್ಟಿಗೆಯನ್ನು ಕಂಡವನೇ ಬೇಕಾಗಿತ್ತು.

ಇನ್ನೊಂದು ಸೂಕ್ಷ್ಮವೂ ಇದೆ. ತ್ರಂಕಾ ರೂಪಿಸಿದ ಗೊಂಬೆಗಳನ್ನು ಚೌಕಟ್ಟು ಚೌಕಟ್ಟಾಗಿ ಸರಿಸುತ್ತಿದ್ದವರು ಬಹುಮಟ್ಟಿಗೆ ಅವನ ಸಹಾಯಕರು. ಹಾಗೆ ನೋಡಿದರೆ ಅವನೂ ಹಲವು ಕೈಗಳ ಮೇಲಿನ ಒಂದು ಕೈ. ಗೊಂಬೆಗೆ ಯಜಮಾನನಾದವನೇ ಗೊಂಬೆಯ ಪರವಾಗಿ ನಿಂತದ್ದು ಈ ಚಿತ್ರದ ವಿಶೇಷ.

1968ರಲ್ಲಿ ಮಕ್ಕಳ ಪುಸ್ತಕಗಳ ಚಿತ್ರಕಲೆಗಾಗಿ ಅವನಿಗೆ ಹ್ಯಾನ್ಸ್ ಕ್ರಿಶ್ಚಿಯನ್ ಆಂಡರ್ಸನ್ ಪ್ರಶಸ್ತಿ ಬಂತು. ಅದೇ ವರ್ಷದ ಆಗಸ್ಟಿನಲ್ಲಿ ಸೋವಿಯತ್ ಟ್ಯಾಂಕುಗಳು ಪ್ರಾಗಿಗೆ ನುಗ್ಗಿದವು. 1969ರ ಡಿಸೆಂಬರ್ 30ರಂದು, 57ನೆಯ ವಯಸ್ಸಿನಲ್ಲಿ ತ್ರಂಕಾ ತೀರಿಕೊಂಡ. ಚಿತ್ರದ ಕುಂಬಾರನಿಗೆ ಆದಂತೆಯೇ ಅವನಿಗೂ ಗೌರವದ ಅಂತ್ಯಕ್ರಿಯೆ ನಡೆಯಿತು. ಕೆಲವೇ ತಿಂಗಳಲ್ಲಿ 'ಕೈ' ಚಿತ್ರದ ಪ್ರತಿಗಳನ್ನು ವಶಪಡಿಸಿಕೊಂಡು ಪ್ರದರ್ಶನವನ್ನು ನಿಷೇಧಿಸಲಾಯಿತು. ಸುಮಾರು 20 ವರ್ಷ ಅದು ಕತ್ತಲಲ್ಲೇ ಉಳಿಯಿತು.

ತ್ರಂಕಾನ ಗೊಂಬೆಗಳ ಮುಖಭಾವ ಬದಲಾಗುವುದಿಲ್ಲ. ಹುಬ್ಬು ಕುಣಿಯುವುದಿಲ್ಲ, ತುಟಿ ಅಲುಗುವುದಿಲ್ಲ. ಬೆಳಕು ಬೀಳುವ ಬಗೆಯಿಂದ, ತಲೆ ತುಸು ಬಾಗುವುದರಿಂದಲೇ ನಮಗೆ ಅವು ನಕ್ಕಂತೆ, ಅತ್ತಂತೆ ಕಾಣುತ್ತವೆ. ಉಡುಗೊರೆ ಬಂದಾಗಲೂ, ಪಂಜರದೊಳಗೂ, ಎದೆಯ ಮೇಲೆ ಪದಕ ಬಿದ್ದಾಗಲೂ ಕುಂಬಾರನ ಮುಖ ಅದೇ ಮುಖ.