ಹಳೆಯದೆಲ್ಲ ಹೊನ್ನೇ?

ಸಂಘದ ಚಿತ್ರಪ್ರದರ್ಶನಕ್ಕೆ ಯಾವ ಚಿತ್ರ ತರಿಸೋಣ ಎಂಬ ಮಾತು ಬಂದಾಗಲೆಲ್ಲ ನಮ್ಮಲ್ಲಿ ಎರಡು ಪಕ್ಷಗಳಾಗುತ್ತವೆ. ಹಿರಿಯರಿಗೆ ರಾಜ್‌ಕುಮಾರ್, ಪುಟ್ಟಣ್ಣ ಕಣಗಾಲರ ಕಾಲದ ಚಿತ್ರಗಳೇ ಆಗಬೇಕು. ಇಲ್ಲಿ ಹುಟ್ಟಿ ಬೆಳೆದ ಮಕ್ಕಳಿಗೆ ಅವುಗಳಲ್ಲಿ ಅಳು ಹೆಚ್ಚು, ಉಪದೇಶ ಇನ್ನೂ ಹೆಚ್ಚು. ಇದು ಬರಿಯ ಅಭಿರುಚಿಯ ಜಗಳವೇ? ಇದರಲ್ಲಿ ನ್ಯಾಯ ಅನ್ಯಾಯದ ಪ್ರಶ್ನೆಯೂ ಇದೆ ಎಂದು ನಮ್ಮ ಅನಿಸಿಕೆ.

ಜಗಳ ಹೊಸದೇನೂ ಅಲ್ಲ. ಕಾಳಿದಾಸನ 'ಮಾಳವಿಕಾಗ್ನಿಮಿತ್ರ' ನಾಟಕದ ಆರಂಭದಲ್ಲೇ, ಭಾಸನಂಥ ಹೆಸರಾಂತ ಕವಿಗಳಿರುವಾಗ ಈ ಹೊಸಬನ ನಾಟಕವೇಕೆ ಎಂಬ ಪ್ರಶ್ನೆ ಏಳುತ್ತದೆ. ಹಳೆಯದೆಂದ ಮಾತ್ರಕ್ಕೆ ಒಳ್ಳೆಯದಲ್ಲ, ಹೊಸದೆಂದ ಮಾತ್ರಕ್ಕೆ ಕೆಟ್ಟದ್ದಲ್ಲ, ಬಲ್ಲವರು ತಾವೇ ಪರೀಕ್ಷಿಸುತ್ತಾರೆ ಎಂಬುದು ಸೂತ್ರಧಾರನ ಉತ್ತರ. ಆದರೆ ಪರೀಕ್ಷಿಸುವುದು ಹೇಗೆ?

ಮೊದಲು ಹಿರಿಯರಾದ ನಾವು ಮಾಡುವ ಅನ್ಯಾಯ ನೋಡೋಣ. 'ಬಂಗಾರದ ಮನುಷ್ಯ', 'ನಾಗರಹಾವು' ಎರಡೂ 1972ರ ಚಿತ್ರಗಳು. ಆ ವರ್ಷವೇ ಬಂದುಹೋದ ಉಳಿದ ಚಿತ್ರಗಳಲ್ಲಿ ಎಷ್ಟರ ಹೆಸರು ನಮಗೆ ನೆನಪಿದೆ? ಕಾಲ ಮೊರದಲ್ಲಿ ಕೇರಿ, ಹೊಟ್ಟು ಹಾರಿಸಿ, ಕಾಳನ್ನಷ್ಟೇ ನಮ್ಮ ಕೈಗಿತ್ತಿದೆ. ಆ ಕಾಳನ್ನು ಇಂದಿನ ಕೇರದ ರಾಶಿಯ ಪಕ್ಕದಲ್ಲಿಟ್ಟು ತೂಗುವುದು ನ್ಯಾಯವಲ್ಲ. ಮೇಲಾಗಿ, ನಾವು ಹೊಗಳುವುದು ಎಷ್ಟೋ ಸಲ ಚಿತ್ರವನ್ನಲ್ಲ, ಅದನ್ನು ನೋಡಿದಾಗಿನ ನಮ್ಮ ಹರೆಯವನ್ನು, ಬಿಟ್ಟುಬಂದ ಊರನ್ನು.

ಮಕ್ಕಳದ್ದು ಬೇರೆ ಬಗೆಯ ಅವಸರ. 'ನಾಗರಹಾವು' ಚಿತ್ರದ ರಾಮಾಚಾರಿ ಚಾಮಯ್ಯ ಮೇಷ್ಟ್ರ ಮಾತಿಗಾಗಿ ತನ್ನ ಪ್ರೀತಿಯನ್ನೇ ಬಿಟ್ಟುಕೊಡುತ್ತಾನೆ. "ಇದೆಂಥ ಗುರುಭಕ್ತಿ?" ಎಂದು ಅವರು ಟೀವಿ ಆರಿಸಿ ಏಳುತ್ತಾರೆ. ಕೊನೆಯವರೆಗೆ ಕೂತಿದ್ದರೆ, ಅಲಮೇಲುವಿನ ಬಾಳು ಮುಂದೆ ಏನಾಯಿತೆಂಬುದನ್ನು ಪುಟ್ಟಣ್ಣ ಮುಚ್ಚಿಟ್ಟಿಲ್ಲ ಎಂದು ತಿಳಿಯುತ್ತಿತ್ತು. ಮಕ್ಕಳ ಪ್ರಶ್ನೆ ಚಿತ್ರದೊಳಗೇ ಇದೆ.

ಹಾಗೆಂದು "ಆ ಕಾಲವೇ ಹಾಗಿತ್ತು" ಎನ್ನುವುದು ಎಲ್ಲಕ್ಕೂ ಉತ್ತರವಾಗದು. ಅದೇ ಕಾಲದಲ್ಲಿ, 1970ರಲ್ಲಿ, ಅನಂತಮೂರ್ತಿಯವರ ಕಾದಂಬರಿ ಆಧರಿಸಿ ಪಟ್ಟಾಭಿರಾಮ ರೆಡ್ಡಿ 'ಸಂಸ್ಕಾರ' ತೆಗೆದರು. ಆಚಾರ ಬಿಟ್ಟವನೊಬ್ಬ ಅಗ್ರಹಾರದಲ್ಲಿ ಸತ್ತಿದ್ದಾನೆ, ಹೆಣಕ್ಕೆ ಸಂಸ್ಕಾರ ಮಾಡುವವರು ಯಾರು? ಸೆನ್ಸಾರ್ ಮೊದಲು ಅದನ್ನು ತಡೆಯಿತು, ಆಮೇಲೆ ಅದಕ್ಕೇ ರಾಷ್ಟ್ರಪ್ರಶಸ್ತಿಯೂ ಬಂತು. ಕೇಳುವವರು ಆಗಲೂ ಇದ್ದರು ಎಂದಾದ ಮೇಲೆ, ಕೇಳದವರ ತಪ್ಪನ್ನೆಲ್ಲ ಕಾಲದ ತಲೆಗೆ ಕಟ್ಟಲಾಗದು.

ಇದರ ಪಕ್ಕಕ್ಕೆ ರಾಮ್ ರೆಡ್ಡಿಯವರ 'ತಿಥಿ'ಯನ್ನು ಇಡಿ. 2015ರಲ್ಲಿ ಲೊಕಾರ್ನೊ ಚಿತ್ರೋತ್ಸವದಲ್ಲಿ ಬಹುಮಾನ ಗೆದ್ದ ಈ ಚಿತ್ರದಲ್ಲಿ ನಟಿಸಿದವರು ಬಹುಪಾಲು ಮಂಡ್ಯದ ಕಡೆಯ ಹಳ್ಳಿಯವರೇ. ಇಲ್ಲಿಯೂ ಕಥೆ ಸಾವಿನಿಂದಲೇ ಶುರು. ನೂರು ದಾಟಿದ ಸೆಂಚುರಿ ಗೌಡ ತೀರಿಕೊಂಡಿದ್ದಾನೆ. ಮಗ ಗಡ್ಡಪ್ಪನಿಗೆ ಆಸ್ತಿಯ ಗೊಡವೆಯೇ ಇಲ್ಲ. ಮೊಮ್ಮಗ ತಮ್ಮಣ್ಣನೋ, ಜಮೀನು ಮಾರಲು ಬದುಕಿರುವ ಅಪ್ಪನ ಸುಳ್ಳು ಮರಣಪತ್ರ ಮಾಡಿಸಲು ಹೊರಡುತ್ತಾನೆ! 'ಸಂಸ್ಕಾರ' ನಮ್ಮನ್ನು ಬೆಚ್ಚಿಸುತ್ತದೆ, 'ತಿಥಿ' ನಗಿಸುತ್ತದೆ. ಆದರೆ ಸಾವಿನ ಮುಂದೆ ಬದುಕಿರುವವರು ಎಷ್ಟು ಸಣ್ಣವರಾಗಬಲ್ಲರು ಎಂಬುದನ್ನು ಎರಡೂ ಅಳುಕದೆ ತೋರಿಸುತ್ತವೆ.

ನಮ್ಮ ತಕ್ಕಡಿ ಇದೇ ಆಗಲಿ. ಕ್ಯಾಮೆರಾ, ಬಣ್ಣ, ವೇಗ ಇವು ಕಾಲ ಕೊಟ್ಟ ಅನುಕೂಲಗಳು. ತನ್ನ ಎದುರಿನ ಮನುಷ್ಯರನ್ನು ಚಿತ್ರ ಎಷ್ಟು ಪ್ರಾಮಾಣಿಕವಾಗಿ ನೋಡಿತು ಎಂಬುದೇ ಅದರ ಸ್ವಂತ ಗಳಿಕೆ. ಅದಕ್ಕೆ ಇಸವಿಯ ರಿಯಾಯಿತಿ ಬೇಡ, ದಂಡವೂ ಬೇಡ.

ಮುಂದಿನ ಪ್ರದರ್ಶನಕ್ಕೆ ಈ ಎರಡನ್ನೂ ಜೊತೆಗೇ ತರಿಸಿದರೆ ಹೇಗೆ? ಚಿತ್ರ ಮುಗಿದ ಮೇಲೆ ಮೊದಲು ಮಕ್ಕಳು ಮಾತಾಡಲಿ, ನಾವು ಕೇಳಿಸಿಕೊಳ್ಳೋಣ. ಹಳೆಯ ಚಿತ್ರಗಳನ್ನು ದೇವರ ಕೋಣೆಯಲ್ಲಿಟ್ಟು ಕೈಮುಗಿದರೆ ಅವು ನಮ್ಮೊಂದಿಗೇ ಮುಗಿಯುತ್ತವೆ. ಮಕ್ಕಳು ಅವುಗಳೊಂದಿಗೆ ಜಗಳವಾಡಿದರೆ ಇನ್ನೊಂದು ತಲೆಮಾರು ಬದುಕುತ್ತವೆ. ಏನಂತೀರಿ?