ಬಿಸಿಯ ಋಣ

ಸಮುದ್ರಮಟ್ಟದಿಂದ ಸುಮಾರು 2,240 ಮೀಟರ್ ಎತ್ತರದಲ್ಲಿರುವ ಉದಕಮಂಡಲದಲ್ಲಿ ಡಿಸೆಂಬರ್, ಜನವರಿಯ ಕೆಲವು ರಾತ್ರಿಗಳಂದು ಉಷ್ಣತೆ ಸೊನ್ನೆಯ ಸಮೀಪಕ್ಕೆ ಇಳಿಯುತ್ತದೆ. ಬೆಳಗಾಗುವ ಹೊತ್ತಿಗೆ ತಗ್ಗಿನ ಹುಲ್ಲೆಲ್ಲ ಬೆಳ್ಳಗೆ ಹೆಪ್ಪುಗಟ್ಟಿರುತ್ತದೆ. ಹಿಮ ತಾಗಿದ ಚಹಾದ ಚಿಗುರು ಬಿಸಿಲೇರಿದ ಮೇಲೆ ಕರಿಕಟ್ಟಿ ಮುದುಡುತ್ತದೆ. ಇಂತಹ ದಿನಗಳಲ್ಲಿ ನೀಲಗಿರಿಯ ಹಟ್ಟಿಗಳಲ್ಲಿಯೂ ಪೇಟೆಯ ಮನೆಗಳಲ್ಲಿಯೂ ಹಬೆಯಾಡುವ ರಾಗಿಹಿಟ್ಟಿನ ಮುದ್ದೆ, ಅದರ ಜೊತೆಗೆ ಅವರೆಕಾಳು, ಆಲೂಗಡ್ಡೆ ಬೆರೆಸಿದ ಬಿಸಿ ಸಾರು ಮುಂದೆ ಬಂದಾಗ ಮನುಷ್ಯನಿಗೆ ಆಗುವ ಸುಖವನ್ನು ಬಣ್ಣಿಸಬೇಕಾಗಿಲ್ಲ. ಆಲೂಗಡ್ಡೆ ಈ ಬೆಟ್ಟಕ್ಕೆ ಬಂದದ್ದು ಹತ್ತೊಂಬತ್ತನೆಯ ಶತಮಾನದಲ್ಲಿ, ಕೊಯಮತ್ತೂರಿನ ಕಲೆಕ್ಟರನಾಗಿದ್ದ ಜಾನ್ ಸಲ್ಲಿವನ್ನನ ಕಾಲದಲ್ಲಿ. ರಾಗಿ, ಸಾಮೆಗಳು ಅದಕ್ಕೂ ಹಿಂದಿನವು. ಬೆಳೆಗಳು ಬದಲಾದವು, ಪಾತ್ರೆಗಳು ಬದಲಾದವು. ಚಳಿಯಲ್ಲಿ ನಡುಗುವ ದೇಹವು ಬಿಸಿ ಅನ್ನವನ್ನು ಬಯಸುವುದು ಮಾತ್ರ ಬದಲಾಗಲಿಲ್ಲ.

ಈ ಸುಖವನ್ನು ಉಂಡವನು ಯಾರಿಗಾದರೂ ಏನನ್ನಾದರೂ ಸಲ್ಲಿಸಬೇಕಾಗಿದೆಯೇ? ಸಲ್ಲಿಸಬೇಕಾದರೆ ಯಾವ ರೂಪದಲ್ಲಿ? ಚಳಿಗಾಲದ ಅಡುಗೆಯ ಕುರಿತು ರುಚಿಯ ಮಾತನ್ನು ಧಾರಾಳವಾಗಿ ಆಡುವ ನಾವು ಈ ಪ್ರಶ್ನೆಯನ್ನು ಅಷ್ಟಾಗಿ ಎತ್ತಿಕೊಂಡಿಲ್ಲ. ಪ್ರಶ್ನೆ ಚಿಕ್ಕದಾಗಿ ಕಾಣುತ್ತದೆ. ಆದರೆ ಮನೆಯೊಳಗಿನ ನ್ಯಾಯ ಅನ್ಯಾಯಗಳು ಬಹುಮಟ್ಟಿಗೆ ಇಂತಹ ಚಿಕ್ಕ ಪ್ರಶ್ನೆಗಳಲ್ಲಿಯೇ ಅಡಗಿರುತ್ತವೆ.

ಅನ್ನದ ಋಣವೆಂಬುದು ನಮಗೆ ಹೊಸ ಮಾತಲ್ಲ. ಉಂಡ ಮನೆಗೆ ಎರಡು ಬಗೆಯಬಾರದೆಂಬುದನ್ನು ಮಕ್ಕಳೂ ಬಲ್ಲರು. ಈ ಋಣವನ್ನು ಎಣಿಸುವಾಗ ನಾವು ನೆನೆಯುವುದು ಬೆಳೆದ ರೈತನನ್ನು, ಮಳೆ ಸುರಿಸಿದ ಆಕಾಶವನ್ನು, ದುಡಿದು ತಂದ ಯಜಮಾನನನ್ನು. ಇವೆಲ್ಲ ಧಾನ್ಯದ ಋಣಗಳು. ಧಾನ್ಯಕ್ಕೆ ಒಂದು ಗುಣವಿದೆ: ಅದನ್ನು ಕಣಜದಲ್ಲಿ ಇಡಬಹುದು, ಅಳೆಯಬಹುದು, ಕಡ ಕೊಡಬಹುದು. ಇಂದು ಪಡೆದ ಒಂದು ಸೇರು ರಾಗಿಯನ್ನು ಮುಂದಿನ ಸುಗ್ಗಿಯಲ್ಲಿ ಒಂದು ಸೇರಾಗಿಯೇ ಹಿಂದಿರುಗಿಸಿ ಲೆಕ್ಕ ಮುಗಿಸಬಹುದು.

ಬಿಸಿಯ ಸಂಗತಿ ಬೇರೆ. ಅದು ಕಣಜದಲ್ಲಿ ನಿಲ್ಲುವುದಿಲ್ಲ, ನಾಳೆಗೆ ಉಳಿಯುವುದಿಲ್ಲ. ಎಸರಿಗೆ ಹಿಟ್ಟು ಸುರಿದು, ಕೋಲಿನಿಂದ ತೊಳಸಿ, ಕೈ ಸುಡುವಂತಿರುವಾಗಲೇ ಕಟ್ಟಿದ ಮುದ್ದೆಯು ಸ್ವಲ್ಪ ಹೊತ್ತು ಕಾದರೆ ಗಟ್ಟಿಯಾಗುತ್ತದೆ. ಆರಿಹೋದ ಮುದ್ದೆಯಲ್ಲಿಯೂ ಅದೇ ರಾಗಿಯಿದೆ, ಅದೇ ಸತ್ತ್ವವಿದೆ. ಆದರೆ ಚಳಿಯ ಮುಂಜಾವಿನಲ್ಲಿ ನಾವು ಬಯಸಿದ್ದು ಅದರಲ್ಲಿಲ್ಲ. ಬಿಸಿ ಊಟ ದೊರೆಯಬೇಕಾದರೆ ನಾವು ಉಣ್ಣುವ ಹೊತ್ತಿಗೆ ಸರಿಯಾಗಿ ಇನ್ನೊಬ್ಬರು ಒಲೆಯ ಮುಂದೆ ನಿಂತಿರಬೇಕು. ಅವರು ಕೊಡುವುದು ತಮ್ಮ ಆ ಹೊತ್ತನ್ನು. ಆದ್ದರಿಂದ ಧಾನ್ಯದ ಋಣವನ್ನು ಧಾನ್ಯದಿಂದಲೋ ಹಣದಿಂದಲೋ ತೀರಿಸಿದರೂ ಬಿಸಿಯ ಋಣವು ಹಾಗೆಯೇ ಉಳಿದಿರುತ್ತದೆ. ಅದು ಕೇಳುವುದು ನಮ್ಮ ಹೊತ್ತನ್ನು.

ಗಡಿಯಾಚೆಯ ನಮ್ಮ ನಾಡುಗಳಿಂದಲೇ ಕೆಲವು ನಿದರ್ಶನಗಳನ್ನು ತೆಗೆದುಕೊಳ್ಳಬಹುದು. ಸೊಲ್ಲಾಪುರ, ಅಕ್ಕಲಕೋಟೆಗಳ ಕಡೆ ಸಂಕ್ರಾಂತಿಯ ಹಿಂದಿನ ಭೋಗಿಯ ದಿನ ಎಳ್ಳು ಹಚ್ಚಿದ ಸಜ್ಜೆರೊಟ್ಟಿ, ಬೆಣ್ಣೆ, ಹಲವು ಕಾಯಿಪಲ್ಯಗಳನ್ನು ಕೂಡಿಸಿ ಮಾಡಿದ ಪಲ್ಯ ಸಿದ್ಧವಾಗುತ್ತವೆ. ಸಜ್ಜೆಯ ಹಿಟ್ಟಿನಲ್ಲಿ ಗೋಧಿಯ ಜಿಗುಟು ಇಲ್ಲ. ಅದನ್ನು ಆಗಿಂದಾಗ ಬಿಸಿನೀರಿನಲ್ಲಿ ನಾದಿ, ಒಂದೊಂದನ್ನೂ ಕೈಯಿಂದ ತಟ್ಟಿ ಹಂಚಿಗೆ ಹಾಕಬೇಕು. ಖಡಕ್ ರೊಟ್ಟಿಯನ್ನಾದರೆ ಮಾಡಿ ದಿನಗಟ್ಟಲೆ ಪೇರಿಸಿಡಬಹುದು. ಹಂಚಿನಿಂದ ನೇರವಾಗಿ ತಟ್ಟೆಗೆ ಬಂದು ಬೀಳುವ ಮೆತ್ತಗಿನ ರೊಟ್ಟಿಗೆ ಆ ಅನುಕೂಲವಿಲ್ಲ. ಉಣ್ಣುವವರು ಎಂಟು ಮಂದಿಯಾದರೆ, ಎಂಟನೆಯವರು ಕೈತೊಳೆಯುವ ತನಕ ತಟ್ಟುವವರು ಏಳುವಂತಿಲ್ಲ.

ಹೊಸೂರಿನ ಸೀಮೆಯಲ್ಲಿ ಇಬ್ಬನಿ ಬೀಳುವ ಕಾಲಕ್ಕೆ ಸೊಗಡಿನ ಅವರೆಕಾಯಿ ಬರುತ್ತದೆ. ಹಿತಕಿದ ಬೇಳೆಯ ಸಾರನ್ನು ಮೆಚ್ಚದವರು ಅಲ್ಲಿ ವಿರಳ. ಕಾಯಿ ಸುಲಿದು, ಕಾಳನ್ನು ರಾತ್ರಿ ನೆನೆಹಾಕಿ, ಬೆಳಗ್ಗೆ ಒಂದೊಂದು ಕಾಳನ್ನೂ ಬೆರಳುಗಳ ನಡುವೆ ಹಿಚುಕಿ ಸಿಪ್ಪೆಯಿಂದ ಹೊರತೆಗೆಯಬೇಕು. ತಣ್ಣೀರಿನಲ್ಲಿ ಬೆರಳಾಡಿಸಿ ಗಂಟೆಗಟ್ಟಲೆ ಮಾಡಿದ ಕೆಲಸವು ಕಾಲು ಗಂಟೆಯಲ್ಲಿ ಊಟವಾಗಿ ಮುಗಿಯುತ್ತದೆ. ಧನುರ್ಮಾಸದಲ್ಲಿ ಸೂರ್ಯೋದಯಕ್ಕೆ ಮುಂಚೆ ದೇವರಿಗೆ ಹುಗ್ಗಿಯ ನೈವೇದ್ಯವಾಗಬೇಕೆಂಬ ನಿಯಮವನ್ನು ಅನೇಕ ಮನೆಗಳು ಪಾಲಿಸುತ್ತವೆ. ಮೆಣಸು, ಶುಂಠಿ, ತುಪ್ಪ ಬೆರೆತ ಆ ಹುಗ್ಗಿ ಚಳಿಗೆ ಹಿತವಾದದ್ದು. ದೇವರು ಬೆಳಗಿನ ಜಾವದಲ್ಲಿ ಎದ್ದಿರುತ್ತಾನೆಂದು ನಂಬುವ ನಾವು, ಅದಕ್ಕೂ ಒಂದು ಗಂಟೆ ಮುಂಚೆ ಎದ್ದು ತಣ್ಣೀರು ಮುಟ್ಟಿದವರು ಯಾರೆಂದು ಕೇಳುವುದಿಲ್ಲ.

ಬೆಟ್ಟದ ಮೇಲೆ ಈ ಹೊತ್ತು ಇನ್ನೂ ದೀರ್ಘವಾಗುತ್ತದೆ. ಎತ್ತರಕ್ಕೆ ಹೋದಂತೆ ಗಾಳಿಯ ಒತ್ತಡ ಕುಗ್ಗುವುದರಿಂದ ಉದಕಮಂಡಲದಲ್ಲಿ ನೀರು 100 ಡಿಗ್ರಿಯವರೆಗೆ ಕಾಯದೆ 92, 93 ಡಿಗ್ರಿಯ ಆಸುಪಾಸಿನಲ್ಲಿಯೇ ಕುದಿಯುತ್ತದೆ. ತೆರೆದ ಪಾತ್ರೆಯ ಕೆಳಗೆ ಎಷ್ಟು ಸೌದೆ ಒಟ್ಟಿದರೂ ನೀರು ಅದಕ್ಕಿಂತ ಹೆಚ್ಚು ಕಾಯುವುದಿಲ್ಲ. ಆದಕಾರಣ ಬಯಲುಸೀಮೆಯಲ್ಲಿ ಬೇಗನೆ ಬೇಯುವ ಕಾಳು ಇಲ್ಲಿ ಬಹಳ ಹೊತ್ತು ಒಲೆಯ ಮೇಲಿರುತ್ತದೆ. ಪ್ರೆಶರ್ ಕುಕ್ಕರ್ ಬರುವ ಮುನ್ನ ಆ ಹೆಚ್ಚಿನ ಹೊತ್ತನ್ನೆಲ್ಲ ಊದುಗೊಳವೆ ಹಿಡಿದು ಹೊಗೆಯಲ್ಲಿ ಕುಳಿತವರು ತುಂಬಿಕೊಟ್ಟರು.

ಹೀಗೆ ಹೊತ್ತು ಕೊಟ್ಟವರೇ ಸಾಮಾನ್ಯವಾಗಿ ಕೊನೆಯಲ್ಲಿ ಉಣ್ಣುತ್ತಾರೆ ಎಂಬುದು ನಮ್ಮ ಮನೆಗಳ ರೂಢಿ. ಎಲ್ಲರಿಗೂ ಬಿಸಿ ಬಡಿಸಿದವರ ತಟ್ಟೆಯಲ್ಲಿ ಆರಿದ ಮುದ್ದೆ, ತಳದಲ್ಲಿ ಉಳಿದ ಸಾರು. ಬಿಸಿಯನ್ನು ಸೃಷ್ಟಿಸಿದವರಿಗೆ ಅದರ ಪಾಲು ಇಲ್ಲದಿರುವುದು ಈ ವ್ಯವಸ್ಥೆಯ ವಿಚಿತ್ರ. ಇದಕ್ಕೆ ಎರಡು ಸಮಾಧಾನಗಳನ್ನು ಹೇಳುವುದುಂಟು. ಎರಡನ್ನೂ ಗೌರವದಿಂದ ಪರಿಶೀಲಿಸಬೇಕು.

ಮೊದಲನೆಯದು, ಇದು ಪ್ರೀತಿಯ ಕೆಲಸ, ಇದಕ್ಕೆ ಲೆಕ್ಕವಿಡುವುದು ಅವಮಾನ ಎಂಬುದು. ತಾಯಿಯೋ ಅತ್ತೆಯೋ ಮಡದಿಯೋ ಮನೆಮಂದಿ ಉಣ್ಣುವುದನ್ನು ಕಂಡೇ ತೃಪ್ತಿಪಡುತ್ತಾರೆ ಎನ್ನುತ್ತೇವೆ. ಈ ಮಾತಿನಲ್ಲಿ ಸತ್ಯವಿದೆ. ಬಡಿಸುವ ಕೈಯ ಸಂತೋಷ ಸುಳ್ಳಲ್ಲ. ಆದರೆ ಕೊಟ್ಟವರು ಸಂತೋಷದಿಂದ ಕೊಟ್ಟರೆಂಬ ಕಾರಣಕ್ಕೆ ಪಡೆದವರ ಋಣ ಕಡಿಮೆಯಾಗುವುದೇ? ಒತ್ತಾಯದಿಂದ ವಸೂಲಾದದ್ದಕ್ಕೆ ಕೃತಜ್ಞತೆ ಬೇಕಿಲ್ಲ. ಮನಸಾರೆ ಕೊಟ್ಟದ್ದಕ್ಕೇ ಅದು ಬೇಕು. ಅದಲ್ಲದೆ, ಆ ಕೆಲಸವು ಪ್ರೀತಿಯಿಂದ ನಡೆಯುತ್ತಿದೆಯೋ ಬೇರೆ ದಾರಿಯಿಲ್ಲದೆ ನಡೆಯುತ್ತಿದೆಯೋ ಎಂದು ತಿಳಿಯಲು ಒಂದು ಸರಳ ಪರೀಕ್ಷೆಯಿದೆ. ಅಡುಗೆ ಮಾಡುವವರು ಜ್ವರದಿಂದ ಮಲಗಿದ ದಿನ ಒಲೆ ಹಚ್ಚುವವರು ಯಾರು? ಇನ್ನೊಬ್ಬರು ಎದ್ದು ಹಚ್ಚಿದರೆ ಆ ಮನೆಯಲ್ಲಿ ಇರುವುದು ಪ್ರೀತಿ. ಜ್ವರದವರೇ ಎದ್ದು ಹಚ್ಚಬೇಕಾದರೆ ಅದಕ್ಕೆ ಬೇರೆ ಹೆಸರನ್ನು ಹುಡುಕಬೇಕು.

ಎರಡನೆಯದು, ಗ್ಯಾಸು, ಕುಕ್ಕರು, ಮಿಕ್ಸಿ, ಹಾಟ್‌ಬಾಕ್ಸುಗಳು ಬಂದ ಮೇಲೆ ಈ ಕಷ್ಟವೆಲ್ಲ ಹಳೆಯ ಕತೆಯಾಯಿತು ಎಂಬುದು. ಹೊಗೆ ಕಡಿಮೆಯಾದದ್ದು ದೊಡ್ಡ ಉಪಕಾರವೇ ಸರಿ. 2016ರಲ್ಲಿ ಉಜ್ವಲಾ ಯೋಜನೆ ಆರಂಭವಾದ ಮೇಲೆ ಬಡವರ ಅಡುಗೆಮನೆಗಳಿಗೂ ಸಿಲಿಂಡರ್ ತಲುಪಿತು. ಆದರೆ ಯಂತ್ರವು ಬೇಯಿಸುವ ಹೊತ್ತನ್ನು ಕುಗ್ಗಿಸಿತೇ ಹೊರತು ಹಾಸಿಗೆಯಿಂದ ಮೊದಲು ಏಳಬೇಕಾದವರು ಯಾರೆಂಬುದನ್ನು ಬದಲಿಸಲಿಲ್ಲ. ಕೇಂದ್ರ ಸರ್ಕಾರವು 2019ರಲ್ಲಿ ನಡೆಸಿದ ಸಮಯ ಬಳಕೆಯ ಸಮೀಕ್ಷೆಯ ಪ್ರಕಾರ, ಒಂದು ದಿನದಲ್ಲಿ ಸಂಬಳವಿಲ್ಲದ ಮನೆಗೆಲಸದಲ್ಲಿ ತೊಡಗಿದ ಮಹಿಳೆಯರು ನೂರಕ್ಕೆ 81. ಪುರುಷರು ನೂರಕ್ಕೆ 26. ಹಾಗೆ ತೊಡಗಿದವರಲ್ಲಿ ಮಹಿಳೆಯರು ದಿನಕ್ಕೆ ಸರಾಸರಿ 299 ನಿಮಿಷ ದುಡಿದರೆ ಪುರುಷರು 97 ನಿಮಿಷ ದುಡಿದಿದ್ದರು. ಇದು ಗ್ಯಾಸು, ಕುಕ್ಕರುಗಳೆಲ್ಲ ಬಂದ ಮೇಲಿನ ಲೆಕ್ಕ.

ಈ ವಿಚಾರದಲ್ಲಿ ನಮ್ಮ ಪರಂಪರೆ ಬರಿಗೈಯದಲ್ಲ. ಹನ್ನೆರಡನೆಯ ಶತಮಾನದ ಕಲ್ಯಾಣದ ಶರಣರಲ್ಲಿ ಇಬ್ಬರು ಮಾರಯ್ಯರನ್ನು ಇಲ್ಲಿ ಜೊತೆಯಾಗಿ ನೆನೆಯಬೇಕು. ಆಯ್ದಕ್ಕಿ ಮಾರಯ್ಯನು ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸಿದವನು. ಒಂದು ದಿನ ಅಗತ್ಯಕ್ಕಿಂತ ಹೆಚ್ಚು ತಂದಾಗ ಅದನ್ನು ಹಿಂದಿರುಗಿಸಿ ಬರುವಂತೆ ಹೇಳಿದವಳು ಮಡದಿ ಲಕ್ಕಮ್ಮ. ಮೋಳಿಗೆ ಮಾರಯ್ಯನು ಕಾಶ್ಮೀರದ ಅರಸುತನವನ್ನು ಬಿಟ್ಟು ಬಂದು ಸೌದೆಯ ಹೊರೆ ಹೊತ್ತು ಮಾರಿ ದಾಸೋಹ ನಡೆಸಿದನೆಂದು ಸಂಪ್ರದಾಯ ಹೇಳುತ್ತದೆ. ಅವನ ಮಡದಿ ಮಹಾದೇವಿ. ಈ ಇಬ್ಬರು ಹೆಣ್ಣುಮಕ್ಕಳೂ ಸ್ವತಃ ವಚನಕಾರ್ತಿಯರು. ಒಬ್ಬ ಮಾರಯ್ಯನದು ಅಕ್ಕಿ, ಇನ್ನೊಬ್ಬನದು ಸೌದೆ. ಉಣ್ಣುವ ಅನ್ನಕ್ಕೆ ಎರಡೂ ಬೇಕು. ಶರಣರು ಎರಡನ್ನೂ ಸಮಾನವಾಗಿ ಕಾಯಕವೆಂದು ಮನ್ನಿಸಿದರು. ಅನ್ನವನ್ನು ಬಿಸಿ ಮಾಡುವ ಸೌದೆಯ ಹೊರೆಯನ್ನು ಅರಸನಾಗಿದ್ದವನು ತಲೆಯ ಮೇಲೆ ಹೊತ್ತದ್ದರಿಂದ ಅವನ ಘನತೆಗೆ ಕುಂದು ಬರಲಿಲ್ಲ ಎಂಬ ಕತೆಯನ್ನು ಎಂಟುನೂರು ವರ್ಷಗಳಿಂದ ಹೇಳಿಕೊಂಡು ಬಂದ ಜನ ನಾವು.

ಮನೆಯ ಹೊರಗೂ ಈ ಋಣ ಚಾಚಿಕೊಂಡಿದೆ. ನಮ್ಮ ಚಳಿಗಾಲದ ಸಾರಿಗೆ ಬಿದ್ದ ಕ್ಯಾರೆಟ್ಟನ್ನು ಕಿತ್ತವರು, ಬೆಳಗಿನ ಚಹಾದ ಎಲೆಯನ್ನು ಕೊಯ್ದವರು, ಹಿಮ ಬಿದ್ದ ರಾತ್ರಿಯಲ್ಲಿ ಕಾವಲು ಕುಳಿತವರು ಎಲ್ಲರೂ ಚಳಿಯಲ್ಲಿ ದುಡಿದವರೇ. ಲೋಕದ ಚಳಿಯನ್ನೆಲ್ಲ ಒಂದು ಒಲೆಯಿಂದ ಕಾಯಿಸಲಾಗದು, ನಿಜ. ಹಣವನ್ನು ದೂರದೂರಿಗೆ ಕಳುಹಿಸಬಹುದು, ಬಿಸಿಯನ್ನು ಕಳುಹಿಸಲಾಗದು. ಅದು ತಲುಪುವುದು ಕೈಗೆಟಕುವಷ್ಟು ದೂರಕ್ಕೆ ಮಾತ್ರ. ಆದ್ದರಿಂದ ಈ ಋಣದ ಮೇರೆಯನ್ನು ಬಿಸಿಯೇ ಗುರುತು ಮಾಡಿಕೊಟ್ಟಿದೆ. ಬಾಗಿಲ ಬಳಿ ಬಂದು ನಿಂತವರು, ಬೇಲಿಯ ಆಚೆ ಕೆಲಸ ಮಾಡುತ್ತಿರುವವರು, ಪಕ್ಕದ ಮನೆಯಲ್ಲಿ ಒಂಟಿಯಾಗಿರುವ ಮುದುಕರು ಈ ಮೇರೆಯೊಳಗಿದ್ದಾರೆ. ಅಲ್ಲಿಯವರೆಗಾದರೂ ಒಂದು ಲೋಟ ಬಿಸಿ ಗಂಜಿ ಹೋಗದಿದ್ದರೆ ನಮ್ಮ ದೂರದ ದಾನಗಳಿಗೆ ಅರ್ಥ ಕಡಿಮೆ.

ಹಾಗಾದರೆ ಮನೆಯೊಳಗಿನ ಋಣ ತೀರುವುದು ಹೇಗೆ? ಹೊಗಳಿಕೆಯಿಂದ ತೀರುವುದಿಲ್ಲ. ಅನ್ನಪೂರ್ಣೆಯೆಂದು ಕೈಮುಗಿದು ಮತ್ತೆ ತಟ್ಟೆ ಮುಂದೊಡ್ಡುವುದು ಋಣವನ್ನು ಬೆಳೆಸುವ ವಿಧಾನ. ಹೊತ್ತನ್ನು ಕೊಟ್ಟವರಿಗೆ ಹೊತ್ತನ್ನೇ ಹಿಂದಿರುಗಿಸಬೇಕು. ಸರದಿಯ ಮೇಲೆ ಒಲೆಯ ಮುಂದೆ ನಿಲ್ಲುವುದು ಒಂದು ದಾರಿ. ಅದಾಗದಿದ್ದಲ್ಲಿ ಕರೆದಾಗ ಕೂಡಲೇ ಎದ್ದು ಬರುವುದು, ಕಾಳು ಹಿತಕುವಾಗ ಜೊತೆಗೆ ಕೂರುವುದು, ಅಡುಗೆ ಮಾಡಿದವರ ಪಾಲಿನ ಹಿಟ್ಟನ್ನು ಕೊನೆಗೆ ಹೊಸದಾಗಿ ತೊಳಸಿ ಬಿಸಿಯಾಗಿ ಬಡಿಸುವುದು. ಇವು ದೊಡ್ಡ ತ್ಯಾಗಗಳಲ್ಲ, ಆದರೆ ಹೊತ್ತಿಗೆ ಹೊತ್ತು ಸಲ್ಲುತ್ತದೆ.

ಗಡಿನಾಡ ಕನ್ನಡಿಗರಾದ ನಮಗೆ ಇದರಲ್ಲಿ ಇನ್ನೊಂದು ಲಾಭವೂ ಇದೆ. ನಮ್ಮ ಮಕ್ಕಳಲ್ಲಿ ಬಹುಮಂದಿಗೆ ಶಾಲೆಯ ಮಾತು ಬೇರೆ, ಪೇಟೆಯ ಮಾತು ಬೇರೆ. ಎಸರು, ಹದ, ತೊಳಸು, ಹಿತಕು, ಒಗ್ಗರಣೆ, ಕೆಂಡ ಮುಂತಾದ ಮಾತುಗಳನ್ನು ಯಾವ ಪಠ್ಯಪುಸ್ತಕವೂ ಅವರಿಗೆ ಕಲಿಸುವುದಿಲ್ಲ. ಒಲೆಯ ಪಕ್ಕದಲ್ಲಿ ನಿಂತವರಿಗೆ ಮಾತ್ರ ಅವು ಬರುತ್ತವೆ. ಗಂಡುಮಕ್ಕಳನ್ನು ಅಡುಗೆಮನೆಯ ಹೊರಗಿಟ್ಟರೆ ಅವರಿಗೆ ಮುದ್ದೆ ಕಟ್ಟಲು ಬರುವುದಿಲ್ಲ, ಆ ಮಾತುಗಳೂ ಬರುವುದಿಲ್ಲ. ಒಂದು ತಲೆಮಾರಿನ ಅರ್ಧದಷ್ಟು ಮಕ್ಕಳ ಕನ್ನಡವನ್ನು ನಾವೇ ಹೊಸಿಲ ಆಚೆ ನಿಲ್ಲಿಸಿದಂತಾಗುತ್ತದೆ.

ಸಂಘದ ಸಮ್ಮೇಳನಗಳಲ್ಲಿಯೂ ಊಟದ ಪಂಕ್ತಿಗಳು ನಡೆಯುತ್ತವೆ. ಅತಿಥಿಗಳು ಮೊದಲ ಪಂಕ್ತಿಯಲ್ಲಿ, ಸದಸ್ಯರು ಎರಡನೆಯದರಲ್ಲಿ, ಮುಂಜಾವಿನಿಂದ ಒಲೆಯ ಬಳಿ ನಿಂತವರು ಎಲ್ಲ ಮುಗಿದ ಮೇಲೆ. ಈ ಕ್ರಮವನ್ನು ಒಂದು ಹೊತ್ತಿನ ಮಟ್ಟಿಗೆ ತಿರುಗಿಸಿ ನೋಡಬಹುದು. ಬೇಯಿಸಿದವರು ಮೊದಲು ಕುಳಿತುಕೊಳ್ಳಲಿ. ವೇದಿಕೆಯ ಮೇಲೆ ಮಾತನಾಡಿದವರು ಬಡಿಸಲಿ. ಭಾಷಣ ಸ್ವಲ್ಪ ತಡವಾದರೆ ಆರಿಹೋಗುವುದಿಲ್ಲ, ಅನ್ನ ಆರುತ್ತದೆ.