ತಂದೆಯ ಕಳಂಕ, ಮಗನ ಋಣ

ತಂದೆಯ ಸಾಲವನ್ನು ಮಗನು ತೀರಿಸಬೇಕೆಂದು ಧರ್ಮಶಾಸ್ತ್ರಕಾರರು ವಿಧಿಸಿರುವರು. ತಂದೆಯ ಅಪಕೀರ್ತಿಯನ್ನು ತೊಳೆಯುವದೂ ಆ ಋಣದಲ್ಲಿಯೇ ಸೇರುವದೋ? ಗಂಗಾವತಿ ಸೀಮೆಯ ಕುಮ್ಮಟದುರ್ಗದ ಕಥೆಯು ಈ ಪ್ರಶ್ನೆಯನ್ನು ನಮ್ಮ ಬಾಗಿಲಿಗೇ ತಂದಿಡುವದು.

ಕಂಪಿಲರಾಯನು ಕಿರಿಯ ರಾಣಿ ರತ್ನಾಜಿಯ ದೂರನ್ನು ನಂಬಿ, ವಿಚಾರಿಸದೆಯೇ ಮಗನಾದ ಕುಮಾರರಾಮನ ವಧೆಗೆ ಆಜ್ಞಾಪಿಸಿದನೆಂದು ನಂಜುಂಡಕವಿಯ ಸಾಂಗತ್ಯವು ಹೇಳುವದು. ಮಂತ್ರಿ ಬೈಚಪ್ಪನು ಉಪಾಯದಿಂದ ರಾಮನನ್ನು ಅಡಗಿಸಿಟ್ಟನು. ದಿಲ್ಲಿಯ ದಂಡು ಬಂದಾಗ ರಾಮನು ಹೊರಬಂದು ಅದೇ ತಂದೆಗಾಗಿ ಕಾದಿದನು.

ಅಪವಾದವು ಸುಳ್ಳು; ಮಗನು ಸಾಕ್ಷ್ಯ ತಂದು ಅದನ್ನು ಅಳಿಸಬಲ್ಲನು. ಅಪರಾಧವಾದರೋ ನಿಜ, ಮಗನ ರಕ್ತದಿಂದಲೂ ಅದು ಅಳಿಯದು. ರಾಮನ ಶೌರ್ಯವನ್ನು ಜನರು ಹಾಡಿದಂತೆಲ್ಲ ರಾಯನ ಅವಿವೇಕವೂ ಜೊತೆಗೇ ಕೇಳಿಬರುವದು. ವಿಚಿತ್ರವಲ್ಲವೇ? ಮಗನು ಕೀರ್ತಿವಂತನಾದಷ್ಟೂ ತಂದೆಯ ತಪ್ಪು ದೊಡ್ಡದಾಗಿ ಕಾಣುವದು.

ಆದರೂ ಕಂಪಿಲನ ಹೆಸರು ಪೂರ್ತಿ ಕೆಡಲಿಲ್ಲ; ಅದನ್ನು ಉಳಿಸಿಕೊಂಡವನು ಅವನೇ. ಶರಣು ಬಂದ ಬಹಾಉದ್ದೀನ ಗುರ್ಶಾಸ್ಪನನ್ನು ಮಹಮ್ಮದ ತುಘಲಖನಿಗೆ ಒಪ್ಪಿಸದೆ, ಬೇರೊಬ್ಬ ಅರಸನಲ್ಲಿಗೆ ಸಾಗಿಸಿ, 1327ರಲ್ಲಿ ತಾನು ಕಾದಿ ಮಡಿದನು. ಇದನ್ನು ಬರೆದಿಟ್ಟ ಪರದೇಶದ ಯಾತ್ರಿಕ ಇಬ್ನ ಬತೂತನು ಇನ್ನೊಂದು ಮಾತನ್ನೂ ಸೇರಿಸಿರುವನು: ಸೆರೆಸಿಕ್ಕ ಕಂಪಿಲನ ಮಕ್ಕಳು ಇಸ್ಲಾಮಿಗೆ ಸೇರಿದ ಮೇಲೆ, ತಂದೆಯ ನಡತೆಯನ್ನು ನೆನೆದು ಸುಲ್ತಾನನೇ ಅವರನ್ನು ಗೌರವದಿಂದ ಇರಿಸಿಕೊಂಡನು.